ಕ್ಯಾನಿಗೂ ಉಸಿರು ಬೇಕಲ್ಲ ಭಾವ

ಮಳೆ ಎರಡು ದಿನ ಹೊಳವಾದರೆ ಸಾಕು, ನಮ್ಮ ಕಡೆ ಹಕ್ಕಿಗಳಿಗಿಂತ ಮೊದಲು ಹುಲ್ಲು ಹೊಡೆಯುವ ಮಿಷನ್ನುಗಳು ಕೂಗಲು ಶುರು. ಗುಡ್ಡದ ಮೇಲಿನ ತೋಟದಲ್ಲೊಂದು, ಹಳ್ಳದಾಚೆಗೊಂದು, ನಡುವೆ ನಮ್ಮ ಕೆಳಗಿನಮನೆ ಭಾವನದ್ದು. ಮುಕ್ಕಾಲು ಗಂಟೆಗೊಮ್ಮೆ ಭಾವನ ಮಿಷನ್ನು ಹೊಟ್ಟೆ ಖಾಲಿಯಾಗಿ ಸುಮ್ಮನಾಗುತ್ತದೆ. ಆಗ ಬೇಲಿಯಾಚೆಯಿಂದ ಇನ್ನೊಂದು ಸದ್ದು: ಗುಳುಕ್, ಗುಳುಕ್, ಬಳಕ್! ಆಮೇಲೆ ಭಾವನ ಬಾಯಿಂದ ಒಂದು ಮಾತು. ಆ ಮಾತು ಇಲ್ಲಿ ಬರೆಯುವಂಥದ್ದಲ್ಲ.

ಮೊನ್ನೆ ದಾಸವಾಳ ಕೊಯ್ಯಲು ಬೇಲಿ ಬದಿಗೆ ಹೋದವಳು ಈ ನಾಟಕವನ್ನು ಕಣ್ಣಾರೆ ನೋಡಿದೆ. ದಣಪೆಯ ಪಕ್ಕದ ಕಲ್ಲಿನ ಮೇಲೆ ಮಿಷನ್ನು ಮಲಗಿತ್ತು. ಐದು ಲೀಟರಿನ ಹಳೇ ಅಡುಗೆ ಎಣ್ಣೆ ಕ್ಯಾನು ಭಾವನ ಎರಡೂ ಕೈಯಲ್ಲಿ. ಲಾಳಿಕೆ ಹಿಡಿಯಲು ಮೂರನೇ ಕೈ ಇಲ್ಲವಲ್ಲ, ಅದು ಟ್ಯಾಂಕಿನ ಬಾಯಲ್ಲಿ ಕುಡುಕನ ಹಾಗೆ ವಾಲಿಕೊಂಡಿತ್ತು. ಕ್ಯಾನು ಬಗ್ಗಿಸಿದರು. ಮೊದಲು ಏನೂ ಬರಲಿಲ್ಲ. ಇನ್ನೂ ಬಗ್ಗಿಸಿದರು. ಒಂದು ಗುಟುಕು ಹಾರಿ, ಲಾಳಿಕೆಯನ್ನು ದಾಟಿ, ಲುಂಗಿಯ ಮೇಲೆ ಬಿತ್ತು. ಎರಡನೆಯದು ಲಾಳಿಕೆ ತುಂಬಿ ತುಳುಕಿತು. ಮೂರನೆಯದು ಮಿಷನ್ನಿನ ಮೈಮೇಲೆ.

"ಸೈಲೆನ್ಸರ್ ಬಿಸಿ ಇದೆಯೋ ಏನೋ ಭಾವ, ಸ್ವಲ್ಪ ತಡೀರಿ," ಅಂದೆ.

"ತಣಿದಿದೆ ಮಾರಾಯ್ತಿ. ಈಗೀಗ ಕೈ ನಡುಗ್ತದೆ ನೋಡು. ವಯಸ್ಸಾಯ್ತು."

"ಅದಿರಲಿ, ಆ ಲಾಳಿಕೆ ಅಕ್ಕನದ್ದಲ್ವಾ? ಕೊಬ್ಬರಿ ಎಣ್ಣೆ ತುಂಬೋದು?"

ಭಾವ ಮನೆ ಕಡೆ ಒಮ್ಮೆ ತಿರುಗಿ ನೋಡಿ, "ಮೆಲ್ಲಗೆ ಮಾತಾಡು," ಅಂದರು.

ಕೈ ನಡುಗುವುದಂತೆ! ರಾತ್ರಿ ಹನ್ನೆರಡರವರೆಗೆ ಇಸ್ಪೀಟು ಆಡಿ ಒಂದು ಎಲೆ ಕೆಳಗೆ ಬೀಳಿಸದ ಕೈ ಅದು. ಚೆಲ್ಲಿದ್ದಕ್ಕೆ ನಮ್ಮವರು ಯಾವಾಗಲೂ ಕೈಯನ್ನೇ ದೂರುತ್ತಾರೆ, ಇಲ್ಲವೇ ಲಾಳಿಕೆಯನ್ನು. ಕ್ಯಾನನ್ನು ದೂರಿದವರನ್ನು ನಾನು ನೋಡಿಲ್ಲ. ಅದಕ್ಕೆ ಹೇಳಿದೆ, "ಭಾವ, ನಿಮ್ಮ ಕೈ ಸರಿ ಇದೆ. ನಿಮ್ಮ ಕ್ಯಾನಿಗೆ ಉಸಿರು ಕಟ್ಟಿದೆ."

ಅವರು ನನ್ನನ್ನು ನೋಡಿದ ರೀತಿ ನೋಡಬೇಕಿತ್ತು. ಬಿಸಿಲಿಗೆ ಇವಳ ತಲೆಗೇನಾದರೂ ಆಯಿತೇ ಅನ್ನುವ ಹಾಗೆ.

ಇದು ಅಡುಗೆಮನೆಯವರಿಗೆ ಹೇಳಿಕೊಡಬೇಕಾದ ವಿಷಯವಲ್ಲ. 15 ಕಿಲೋ ಎಣ್ಣೆ ಡಬ್ಬ ಒಡೆಯುವಾಗ ನಾವು ಒಂದು ತೂತು ಹೊಡೆಯುತ್ತೇವಾ? ಎರಡು. ಒಂದು ಮೂಲೆಯಲ್ಲಿ ಎಣ್ಣೆ ಬರಲಿಕ್ಕೆ, ಎದುರು ಮೂಲೆಯಲ್ಲಿ ಗಾಳಿ ಹೋಗಲಿಕ್ಕೆ. ಮದುವೆಮನೆಯ ಅಡುಗೆಭಟ್ಟರು ಮಾತಾಡುತ್ತಲೇ ಸಟ್ಟುಗದ ಹಿಡಿಯಿಂದ ಮೊಳೆಗೆ ಎರಡು ಪೆಟ್ಟು ಹಾಕಿಬಿಡುತ್ತಾರೆ. ಎಣ್ಣೆ ದಾರದ ಹಾಗೆ ಇಳಿಯುತ್ತದೆ. ಒಂದೇ ತೂತಾದರೆ ಒಳಗಿಂದ ಹೊರಗೆ ಬರುವ ಎಣ್ಣೆಯೂ ಹೊರಗಿಂದ ಒಳಗೆ ಹೋಗುವ ಗಾಳಿಯೂ ಒಂದೇ ಬಾಗಿಲಲ್ಲಿ ಓಡಾಡಬೇಕು. ಸಂತೆಗೆ ಹೊರಟ ಬಸ್ಸಿನ ಬಾಗಿಲಿನ ಹಾಗೆ. ಇಳಿಯುವವರು ಸ್ವಲ್ಪ ಇಳಿಯುತ್ತಾರೆ, ಹತ್ತುವವರು ನುಗ್ಗುತ್ತಾರೆ, ಮತ್ತೆ ಇಳಿಯುವವರು. ಆ ನೂಕುನುಗ್ಗಲಿನ ಸದ್ದೇ ಗುಳುಕ್ ಗುಳುಕ್. ಎಣ್ಣೆ ಹೊರಗೆ ಬಂದಷ್ಟು ಜಾಗ ಒಳಗೆ ಖಾಲಿಯಾಗುತ್ತದೆ. ಆ ಜಾಗಕ್ಕೆ ಗಾಳಿ ಹೋಗದಿದ್ದರೆ ಹೊರಗಿನ ಗಾಳಿಯ ಒತ್ತಡವೇ ಎಣ್ಣೆಯನ್ನು ಬಾಯಲ್ಲಿ ತಡೆದು ಹಿಡಿಯುತ್ತದೆ. ಎಳನೀರಿಗೆ ಒಂದೇ ತೂತು ಮಾಡಿ ಲೋಟಕ್ಕೆ ಬಗ್ಗಿಸಿ ನೋಡಿ, ಇದೇ ಕಥೆ.

ನಮ್ಮ ಹಿರಿಯರ ಗಿಂಡಿ ನೋಡಿ. ಮೇಲೆ ತೆರೆದ ಬಾಯಿ, ಪಕ್ಕದಲ್ಲಿ ಸಣ್ಣ ಮೂತಿ. ಗಾಳಿಗೆ ದೊಡ್ಡ ಬಾಗಿಲು, ನೀರಿಗೆ ಚಿಕ್ಕ ಬಾಗಿಲು. ಎಂಥ ಪೆದ್ದ ಬಗ್ಗಿಸಿದರೂ ಒಂದೇ ಧಾರೆ. ಮೂತಿಯ ತುದಿ ಚೂಪಾಗಿರುತ್ತದೆ, ಅದಕ್ಕೇ ನಿಲ್ಲಿಸಿದಾಗ ಹನಿ ಅಲ್ಲೇ ಕಡಿದುಹೋಗುತ್ತದೆ. ಅಂಚು ಉರುಟಾಗಿದ್ದರೆ ಕೊನೆಯ ಹನಿ ಪಾತ್ರೆಗೇ ಅಂಟಿಕೊಂಡು ಹೊರಮೈ ಮೇಲೆ ಹರಿಯುತ್ತದೆ. ಸ್ಟೀಲ್ ಲೋಟದಿಂದ ಲೋಟಕ್ಕೆ ಕಾಫಿ ಆರಿಸುವಾಗ ಹೆದರಿ ಹೆದರಿ ನಿಧಾನ ಬಗ್ಗಿಸಿದವರೇ ಮೇಜಿನ ಮೇಲೆ ಚೆಲ್ಲುವುದು ಇದೇ ಕಾರಣಕ್ಕೆ.

ಇಷ್ಟೆಲ್ಲ ಕೇಳಿದ ಭಾವ, "ಹಂಗಾದ್ರೆ ಒಂದು ಮೊಳೆ ಹೊಡೆದ್ರಾಯ್ತು," ಅಂತ ಎದ್ದೇಬಿಟ್ಟರು. ಬೇಲಿ ಹಾರುವುದೊಂದು ಬಾಕಿ, ಹಾಗೆ ಕೂಗಿ ನಿಲ್ಲಿಸಿದೆ. ಅಡುಗೆ ಎಣ್ಣೆಗೆ ತೂತು ಸರಿ, ಪೆಟ್ರೋಲಿಗಲ್ಲ. ಅದು ಸುಮ್ಮನೆ ಕೂತಲ್ಲೇ ಆವಿಯಾಗುವ ಜಾತಿ. ಮೈನಸ್ 40 ಡಿಗ್ರಿ ಚಳಿಯಲ್ಲೂ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರ. ಹೊಗೆಯ ಹಾಗೆ ಮೇಲೆ ಹೋಗದೆ ನೆಲಕ್ಕಂಟಿ ಹಾವಿನ ಹಾಗೆ ಹರಿಯುತ್ತದೆ. ಭಾವ ಕ್ಯಾನು ಇಡುವ ಜಾಗ ಯಾವುದು? ಬಚ್ಚಲಿನ ಹಿಂದಿನ ಸೌದೆ ಕೊಟ್ಟಿಗೆ! ಗೋಡೆಯಾಚೆ ಹಂಡೆ ಒಲೆ ಬೆಳಗಿಂದ ಸಂಜೆವರೆಗೆ ಕೆಂಡ ಹೊತ್ತುಕೊಂಡಿರುತ್ತದೆ. ಗಾಳಿಯ ತೂತು ಬೇಕು, ಆದರೆ ಅದಕ್ಕೊಂದು ಮುಚ್ಚಳ ಬೇಕು. ಸುರಿಯುವಾಗ ತೆರೆಯಬೇಕು, ಸುರಿದ ಮೇಲೆ ಬಿಗಿಯಬೇಕು.

"ಸದ್ಯಕ್ಕೆ ಹೀಗೆ ಮಾಡಿ," ಅಂದೆ. "ಕ್ಯಾನಿನ ಬಾಯಿ ಒಂದು ಮೂಲೆಗಿದೆಯಲ್ಲ, ನೀವು ಅದನ್ನು ಕೆಳಗೆ ಮಾಡಿ ಬಗ್ಗಿಸ್ತೀರಿ. ತಿರುಗಿಸಿ ಹಿಡಿಯಿರಿ. ಕ್ಯಾನು ಮಲಗಲಿ, ಬಾಯಿ ಮೇಲಿನ ಅಂಚಿಗೆ ಬರಲಿ."

ಬಾಯಿ ಮೇಲಂಚಿಗೆ ಬಂದರೆ ಪೆಟ್ರೋಲು ಬಾಯಿಯ ಅರ್ಧದಲ್ಲಿ ಹರಿಯುತ್ತದೆ, ಮೇಲಿನ ಅರ್ಧದಲ್ಲಿ ಗಾಳಿ ಒಳಗೆ ಹೋಗುತ್ತದೆ. ಇಂಜಿನ್ ಆಯಿಲ್ ಡಬ್ಬಗಳ ಬಾಯಿ ಒಂದು ಬದಿಗೆ ಇರುವುದು ಅದಕ್ಕೇ. ಆದರೆ ನೋಡಿದವರಿಗೆ ಅದು ತಲೆಕೆಳಗು ಅನ್ನಿಸುತ್ತದೆ. ಭಾವನಿಗೂ ಅನ್ನಿಸಿತು. "ಎಂತದು, ಉಲ್ಟಾ ಅಲ್ವಾ ಇದು?" ಅನ್ನುತ್ತಲೇ ಹಿಡಿದರು. ಗುಳುಕ್ ಇಲ್ಲ, ಬಳಕ್ ಇಲ್ಲ. ಭಾವ ಮೆಚ್ಚಿಕೊಂಡದ್ದು ಬಾಯಲ್ಲಿ ಬರಲಿಲ್ಲ, ಕವಳದ ಸಂಚಿ ಬೇಲಿಯ ಮೇಲಿಂದ ನನ್ನ ಕಡೆ ಬಂತು. ನಮ್ಮ ಊರಲ್ಲಿ ಅದೇ ಸನ್ಮಾನ.

ಕವಳ ಹಾಕಿದ ಮೇಲೆ ಮಾತು ಮುಗಿಯುವುದುಂಟೆ? ನಮ್ಮ ಮಾವನ ಜೀಪಿನ ಕ್ಯಾನು ನೆನಪಾಯಿತು. ಮಾವ ಹೋಗಿ ವರ್ಷಗಳಾದವು, ಜೀಪು ಅದಕ್ಕೂ ಮೊದಲೇ ಗುಜರಿಗೆ ಹೋಯಿತು. ಅದರ ಹಿಂದೆ ತೂಗುತ್ತಿದ್ದ ಹಸಿರು ಬಣ್ಣದ ಮಿಲಿಟರಿ ಕ್ಯಾನು ಮಾತ್ರ ಅಟ್ಟದ ಮೇಲೆ ಉಳಿದಿದೆ. ಇಳಿಸಿ ತಂದು ಬೇಲಿಯ ಮೇಲಿಟ್ಟೆ. ವಾಷರ್ ಒಣಗಿ ರಸ್ಕಿನ ಹಾಗೆ ಪುಡಿಯಾಗಿತ್ತು, ಒಳಗೆ ತುಕ್ಕು. ಪೆಟ್ರೋಲು ಹಾಕುವ ಯೋಗ್ಯತೆ ಈಗ ಅದಕ್ಕಿಲ್ಲ. ಆದರೆ ನೀರು ತುಂಬಿ ಬಗ್ಗಿಸಿ ತೋರಿಸಿದೆ. 20 ಲೀಟರಿನ ದೊಡ್ಡ ಕ್ಯಾನು, ಆದರೂ ನೀರು ತೋಳು ದಪ್ಪ ಧಾರೆಯಾಗಿ ಮೆತ್ತಗೆ ಇಳಿಯಿತು. ಭಾವ ಬಾಯೊಳಗೆ ಬೆರಳು ಹಾಕಿ ತಡಕಿದರು. "ಇಲ್ಲೊಂದು ನಳಿಗೆ ಇದೆಯಲ್ಲೇ!"

ಅದೇ ಅದರ ಉಸಿರುನಳಿಗೆ. ಕ್ಯಾನು ತುಂಬಿದಾಗಲೂ ಹಿಡಿಕೆಯ ಕೆಳಗೆ ಗಾಳಿಗೊಂದು ಗುಬ್ಬಿಯಷ್ಟು ಜಾಗ ಉಳಿಯುತ್ತದೆ. ಬಾಯಿಂದ ಅಲ್ಲಿಗೆ ಆ ಸಣ್ಣ ನಳಿಗೆ. ಸುರಿಯುವಾಗ ಗಾಳಿ ಅದರಲ್ಲಿ ಒಳಗೆ ಹೋಗುತ್ತದೆ, ಪೆಟ್ರೋಲು ಉಳಿದ ಬಾಯಿಯಲ್ಲಿ ಹೊರಗೆ. ಮುಚ್ಚಳ ತಿರುಪಲ್ಲ, ಸನ್ನೆಗೋಲಿನ ಹಾಗೆ ಒತ್ತಿದರೆ ಕಚ್ಚಿಕೊಳ್ಳುವ ಕೊಂಡಿ. ಕಳೆದುಹೋಗುವ ಮಾತೇ ಇಲ್ಲ, ಕ್ಯಾನಿಗೇ ಸೇರಿಕೊಂಡಿದೆ. ಮೇಲೆ ಒಂದಲ್ಲ, ಮೂರು ಹಿಡಿಕೆ. ನಡುವಿನದು ಒಬ್ಬನೇ ಹೊರಲಿಕ್ಕೆ. ಪಕ್ಕದವು ಇಬ್ಬರು ಸೇರಿ ಎತ್ತಲಿಕ್ಕೆ. ಖಾಲಿ ಕ್ಯಾನಾದರೆ ಒಂದೊಂದು ಕೈಗೆ ಎರಡೆರಡು ಸಿಕ್ಕಿಸಿಕೊಂಡು ಹೋಗಬಹುದು. ಎರಡು ಮಗ್ಗುಲಲ್ಲಿ ಒತ್ತಿದ ಗುಣಾಕಾರದ ಗುರುತು ಚಂದಕ್ಕಲ್ಲ. ಬಿಸಿಲಿಗೆ ಒಳಗಿನದು ಹಿಗ್ಗಿದಾಗ ತಗಡು ಹರಿಯದೆ ಸ್ವಲ್ಪ ಉಬ್ಬಲಿ ಅಂತ, ಗಟ್ಟಿಯೂ ಇರಲಿ ಅಂತ.

ಇದನ್ನು ಮಾಡಿದವರು ಜರ್ಮನರು. 1937ರಲ್ಲಿ, ಯುದ್ಧಕ್ಕೆ ತಯಾರಿ ನಡೆಸುತ್ತ. ವಿನ್ಸೆಂಟ್ಸ್ ಗ್ರ್ಯೂನ್‌ಫೋಗೆಲ್ ಎಂಬ ಎಂಜಿನಿಯರಿನ ವಿನ್ಯಾಸ. ಇಂಗ್ಲಿಷರಿಗೆ ಜರ್ಮನ್ ಸೈನಿಕ ಅಂದರೆ 'ಜೆರ್ರಿ', ಅವನ ಕ್ಯಾನು 'ಜೆರ್ರಿಕ್ಯಾನ್'. ಇಂಗ್ಲಿಷರ ಸೈನ್ಯದಲ್ಲಿ ಆಗ ಇದ್ದದ್ದು ತೆಳು ತಗಡಿನ 4 ಗ್ಯಾಲನ್ ಡಬ್ಬ. ಅದು ನಮಗೆ ಹೊಸದಲ್ಲ. ನಮ್ಮಲ್ಲಿ ಚಿಮಣಿ ಎಣ್ಣೆ ಬರುತ್ತಿದ್ದದ್ದೂ 4 ಗ್ಯಾಲನ್ ಡಬ್ಬದಲ್ಲೇ. ಖಾಲಿಯಾದ ಮೇಲೆ ಬಾವಿಯ ನೀರು ಹೊರಲು, ಭತ್ತ ಅಳೆಯಲು, ಬಿಡಿಸಿ ಚಪ್ಪಟೆ ಮಾಡಿ ಕೊಟ್ಟಿಗೆಯ ಸೋರು ಮುಚ್ಚಲು, ಎಲ್ಲಕ್ಕೂ ಅದೇ. ಉತ್ತರ ಆಫ್ರಿಕದ ಮರಳುಗಾಡಿನಲ್ಲಿ ಲಾರಿಯ ಕುಲುಕಾಟಕ್ಕೆ ಅದರ ಬೆಸುಗೆ ಬಿಟ್ಟು ಪೆಟ್ರೋಲು ದಾರಿಯುದ್ದಕ್ಕೂ ಸೋರುತ್ತಿತ್ತು. ನೂರಕ್ಕೆ 30ರಷ್ಟು ಹೀಗೇ ಮಣ್ಣುಪಾಲಾಗುತ್ತಿದೆ ಎಂದು ಅಲ್ಲಿನ ಸೇನಾಪತಿ ಆಕಿನ್‌ಲೆಕ್ ಅಂದಾಜು ಮಾಡಿದ್ದರು. ಮುಂದೆ ಭಾರತದ ಸೇನೆಯ ಮುಖ್ಯಸ್ಥರಾದದ್ದೂ ಅವರೇ. ಕಡೆಗೆ ಇಂಗ್ಲಿಷ್ ಸಿಪಾಯಿಗಳು ಶತ್ರುವಿನ ಕ್ಯಾನು ಕೈಗೆ ಸಿಕ್ಕಿದರೆ ಬಿಡುತ್ತಿರಲಿಲ್ಲ. ಆಮೇಲೆ ಅದನ್ನೇ ನೋಡಿ ತಾವೂ ಮಾಡಿಕೊಂಡರು.

ಇನ್ನೊಂದು ಸ್ವಾರಸ್ಯ. 1939ರಲ್ಲಿ ಪಾಲ್ ಪ್ಲೈಸ್ ಎಂಬ ಅಮೆರಿಕದ ಎಂಜಿನಿಯರ್ ಬರ್ಲಿನ್ನಿನಿಂದ ಭಾರತಕ್ಕೆ ಗಾಡಿಯಲ್ಲೇ ಹೊರಟ. ದಾರಿಗೆ ನೀರು ಬೇಕಲ್ಲ ಅಂತ ಜೊತೆಗಿದ್ದ ಜರ್ಮನ್ ಗೆಳೆಯ ವಿಮಾನ ನಿಲ್ದಾಣದ ದಾಸ್ತಾನಿನಿಂದ ಈ ಕ್ಯಾನು ಮೂರು ಎತ್ತಿಕೊಂಡು ಬಂದ. ಹಾಗೆ ಜರ್ಮನಿಯ ಗುಟ್ಟಿನ ಕ್ಯಾನು ನೀರು ಹೊತ್ತುಕೊಂಡು ಕಲ್ಕತ್ತಕ್ಕೆ ಬಂತು. ಪ್ಲೈಸ್ ಊರಿಗೆ ಮರಳಿ ಅಮೆರಿಕದ ಸೈನ್ಯದವರಿಗೆ ಹೇಳಿದರೆ ಮೊದಲು ಯಾರೂ ಕಿವಿಗೊಡಲಿಲ್ಲ. ಕಿವಿಗೊಟ್ಟ ಮೇಲೆ ಅವರು ಮಾಡಿದ ನಕಲಿನಲ್ಲಿ ಬೆಸುಗೆಯ ಬದಲು ಮಡಿಸಿದ ಅಂಚು, ಕೊಂಡಿಯ ಬದಲು ತಿರುಪಿನ ಮುಚ್ಚಳ. ಬಿಚ್ಚಲು ಪಾನಾ ಬೇಕು, ಸುರಿಯಲು ಲಾಳಿಕೆ ಬೇಕು.

"ಅಲ್ಲೂ ಲಾಳಿಕೆಯೇ ಬಂತಾ!" ಭಾವನಿಗೆ ಎಲ್ಲಿಲ್ಲದ ಸಮಾಧಾನ.

ಅಮೆರಿಕದವರ ಗೋಳು ಈಗಲೂ ಮುಗಿದಿಲ್ಲ. ಹೋದ ವರ್ಷ ತಂಗಿ ಮಗ ಬಂದಾಗ ಅಲ್ಲಿಯ ಕ್ಯಾನಿನ ಮೂತಿ ಒಂದನ್ನು ಪೆಟ್ಟಿಗೆಯಲ್ಲಿ ಹಾಕಿಕೊಂಡು ಬಂದಿದ್ದ. ಚಿಕ್ಕಮ್ಮನಿಗೆ ಎಂಥ ಉಡುಗೊರೆ ನೋಡಿ! 2009ರಿಂದ ಅಲ್ಲಿ ತಯಾರಾಗುವ ಕ್ಯಾನಿನಿಂದ ಆವಿ ಹೊರಗೆ ಹೋಗಬಾರದು, ಮೂತಿ ತಾನಾಗಿ ಮುಚ್ಚಿಕೊಳ್ಳಬೇಕು ಅನ್ನುವ ಕಾನೂನು. ಒಳ್ಳೆಯ ಉದ್ದೇಶವೇ. ಅದಕ್ಕೆ ಗಾಳಿಯ ತೂತು ಹೋಯಿತು, ಮೂತಿಗೆ ಸ್ಪ್ರಿಂಗು ಬಂತು. ಒಂದು ಬೆರಳಲ್ಲಿ ಬೀಗ ತಿರುಗಿಸಬೇಕು, ಇನ್ನೊಂದರಲ್ಲಿ ಸ್ಪ್ರಿಂಗು ಒತ್ತಬೇಕು, ಉಳಿದ ಬೆರಳುಗಳಲ್ಲಿ ಕ್ಯಾನು ಎತ್ತಬೇಕು. ಹುಡುಗ ನಮ್ಮ ಅಂಗಳದಲ್ಲಿ ನೀರು ಹಾಕಿ ತೋರಿಸಲು ಹೋಗಿ ಪ್ಯಾಂಟು ನೆನೆಸಿಕೊಂಡ. ಚೆಲ್ಲದ ಮೂತಿಯಿಂದಲೇ ಹೆಚ್ಚು ಚೆಲ್ಲುತ್ತದೆ ಅಂತ ಅಲ್ಲಿಯ ಜನ ಹಳೇ ಕ್ಯಾನು ಹುಡುಕಿಕೊಂಡು ಹೋಗುತ್ತಾರಂತೆ.

ಇನ್ನು ಬಾಯಲ್ಲಿ ಎಳೆದು ಪೈಪು ಬಿಡುವ ವಿದ್ಯೆ. ಭಾವನಿಗೆ ಅದರಲ್ಲಿ ಬಹಳ ಹೆಮ್ಮೆ. ಲಾಳಿಕೆಯೂ ಬೇಡ, ಬಗ್ಗಿಸುವುದೂ ಬೇಡ, ಕ್ಯಾನು ಎತ್ತರಕ್ಕಿಟ್ಟು ಪೈಪು ಬಿಟ್ಟು ಒಂದು ದಮ್ಮು ಎಳೆದರೆ ಆಯಿತು. ಆದರೆ ನಮ್ಮ ತೋಟಕ್ಕೆ ಔಷಧಿ ಹೊಡೆಯಲು ಬರುತ್ತಿದ್ದ ಮುದುಕ ಒಮ್ಮೆ ಹೀಗೇ ಎಳೆದು, ಚಿಮಣಿ ಎಣ್ಣೆ ಗಂಟಲಿಗೆ ಇಳಿದು, ಕೆಮ್ಮಿ ಕೆಮ್ಮಿ ಕಣ್ಣು ಮೇಲೆ ಮಾಡಿದ್ದ. ನಾವು ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೊರಟಿದ್ದೆವು. ಆಸ್ಪತ್ರೆಗೆ ಹೋದಾಗ ಡಾಕ್ಟರು ಬೈದದ್ದು ಅದಕ್ಕೇ. ಪೆಟ್ರೋಲು, ಚಿಮಣಿ ಎಣ್ಣೆ ಹೊಟ್ಟೆಗೆ ಹೋದದ್ದಕ್ಕಿಂತ ವಾಂತಿಯಲ್ಲಿ ಮೇಲೆ ಬಂದು ಶ್ವಾಸಕೋಶಕ್ಕೆ ಹೋದದ್ದೇ ಹೆಚ್ಚು ಕೆಟ್ಟದ್ದಂತೆ. ಈಗ ತುದಿಯಲ್ಲಿ ಗೋಲಿಯಿರುವ ಪೈಪು ಸಿಗುತ್ತದೆ. ಕ್ಯಾನಿನೊಳಗೆ ಬಿಟ್ಟು ನಾಲ್ಕು ಸಲ ಕುಲುಕಿದರೆ ತಾನೇ ಹರಿಯುತ್ತದೆ. ಬಾಯಿಗೆ ಕವಳ ಹಾಕಿಕೊಂಡೇ ಮಾಡಬಹುದು ಅಂದಾಗ ಭಾವನ ಮುಖ ಅರಳಿತು.

ಬಂಕಿನ ಮಾತು ಬಂತು. ನೀರಿನ ಬಾಟಲಿಗೆ ಪೆಟ್ರೋಲು ಕೊಡಲಿಲ್ಲ ಅಂತ ಭಾವನಿಗೆ ಬಂಕಿನ ಹುಡುಗನ ಮೇಲೆ ಸಿಟ್ಟು. ಹುಡುಗನ ತಪ್ಪೇನೂ ಇಲ್ಲ. 1934ರ ಪೆಟ್ರೋಲಿಯಂ ಕಾಯ್ದೆ ಪ್ರಕಾರ ಮಾರಾಟಕ್ಕಲ್ಲದ ಪೆಟ್ರೋಲನ್ನು ಪರವಾನಗಿಯಿಲ್ಲದೆ 30 ಲೀಟರಿನವರೆಗೆ ಇಟ್ಟುಕೊಳ್ಳಬಹುದು. ಆದರೆ ಪಾತ್ರೆ ಗಾಜು, ಪಿಂಗಾಣಿಯದಾದರೆ ಒಂದೊಂದು 1 ಲೀಟರ್ ಮೀರಬಾರದು, ಲೋಹದ್ದಾದರೆ 25 ಲೀಟರ್, ಬಿರಡೆ ಬಿಗಿಯಾಗಿರಬೇಕು. ಪ್ಲಾಸ್ಟಿಕ್ಕಿನ ಸುದ್ದಿಯೇ ಇಲ್ಲ. ಆಗ ಊರಲ್ಲಿ ಪ್ಲಾಸ್ಟಿಕ್ಕು ಎಲ್ಲಿತ್ತು? ಅಂತೂ ಕಾಯ್ದೆಯ ಕಣ್ಣಲ್ಲಿ ಭಾವನ ಎಣ್ಣೆ ಕ್ಯಾನಿಗಿಂತ ನಮ್ಮ ಮಾವನ ಕ್ಯಾನಿಗೇ ಮರ್ಯಾದೆ. ತುಂಬಿಸುವಾಗಲೂ ಕ್ಯಾನನ್ನು ಸ್ಕೂಟರಿನ ಮೇಲೇ ಇಟ್ಟುಕೊಳ್ಳದೆ ನೆಲದ ಮೇಲಿಡಬೇಕು. ಪೆಟ್ರೋಲು ಹರಿಯುವಾಗ ಹುಟ್ಟುವ ಸಣ್ಣ ವಿದ್ಯುತ್ತು ಭೂಮಿಗೆ ಇಳಿದುಹೋಗಲಿ ಅಂತ. ಕಂಠಮಟ್ಟ ತುಂಬಿಸಬಾರದು, ಬಿಸಿಲಿಗೆ ಹಿಗ್ಗಲು ನಾಲ್ಕು ಬೆರಳು ಜಾಗ ಬಿಡಬೇಕು.

ಆ ವಾರದ ಸಂತೆಗೆ ಭಾವನೂ ನಾನೂ ಒಂದೇ ಜೀಪಿನಲ್ಲಿ ಹೋದೆವು. ಪಂಪ್‌ಸೆಟ್ ಅಂಗಡಿಯಲ್ಲಿ ಕ್ಯಾನುಗಳನ್ನು ಮಾಲೆಯ ಹಾಗೆ ತೂಗುಹಾಕಿದ್ದರು. ಭಾವನ ಕೈ ನೇರ 20 ಲೀಟರಿನದಕ್ಕೆ ಹೋಯಿತು. ಐದಕ್ಕೂ ಇಪ್ಪತ್ತಕ್ಕೂ ಬೆಲೆಯಲ್ಲಿ ಅಷ್ಟೇನೂ ಅಂತರವಿಲ್ಲವಲ್ಲ ಅನ್ನುವ ಲೆಕ್ಕ. ಬೇಡವೆಂದೆ. 20 ಲೀಟರ್ ಪೆಟ್ರೋಲೇ 15 ಕಿಲೋ ತೂಗುತ್ತದೆ, ಲೋಹದ ಕ್ಯಾನಾದರೆ ಅದರದ್ದೇ ನಾಲ್ಕೈದು ಕಿಲೋ. ಅಷ್ಟನ್ನು ಎತ್ತಿ ಹಿಡಿದು ಎರಡು ಬೆರಳಗಲದ ಬಾಯಿಗೆ ಸುರಿಯಲು ಪೈಲ್ವಾನರೇ ಬೇಕು. ಕ್ಯಾನು ಕೊಳ್ಳುವಾಗ ಬಾಯಿ ನೋಡಬೇಕು, ಹೊಟ್ಟೆಯನ್ನಲ್ಲ. ಗಾಳಿಗೆ ಬೇರೆ ಬಿರಡೆ ಇದೆಯಾ, ಇಲ್ಲ ಬಾಯೊಳಗೇ ನಳಿಗೆ ಇದೆಯಾ? ಮೂತಿ ಬಾಗುತ್ತದಾ, ತುದಿ ಮಿಷನ್ನಿನ ಬಾಯೊಳಗೆ ಹೋಗುತ್ತದಾ? ವಾಷರ್ ಹೋದರೆ ಬೇರೆ ಸಿಗುತ್ತದಾ? ಹಿಡಿಕೆ ಒಂದೇ ಕಡೆ ಇದೆಯಾ, ಸುರಿಯುವಾಗ ಇನ್ನೊಂದು ಕೈಗೆ ತಳದಲ್ಲಿ ಹಿಡಿತ ಸಿಗುತ್ತದಾ?

"ಸ್ವಲ್ಪ ನೀರು ಹಾಕಿ ಸುರಿದು ತೋರಿಸಪ್ಪ," ಅಂದೆ ಅಂಗಡಿಯ ಹುಡುಗನಿಗೆ.

"ಅಮ್ಮ, ಸೀರೆಯ ಸೆರಗು ಬಿಡಿಸಿ ನೋಡಿದಂಗೆ ಕ್ಯಾನು ನೋಡ್ತೀರಲ್ಲ!"

ನೋಡುತ್ತೇನೆ, ಏನೀಗ? ಮೂರು ಕ್ಯಾನು ಬಗ್ಗಿಸಿದ. ಎರಡು ಗುಳುಗುಟ್ಟಿದವು. ಮೂರನೆಯದರ ಹಿಂದೆ ಸಣ್ಣ ಬಿರಡೆ ಇತ್ತು. ಅದನ್ನು ಅರ್ಧ ತಿರುವು ಸಡಿಲಿಸಿದ್ದೇ ತಡ ನೀರು ಸದ್ದಿಲ್ಲದೆ ಇಳಿಯಿತು. ಅಂಗಡಿಯವನೇ ಬಗ್ಗಿ ನೋಡಿದ, ದಿನಾ ಅದನ್ನೇ ಮಾರುತ್ತಿದ್ದರೂ ಆ ಬಿರಡೆ ಎಂತಕ್ಕೆ ಅಂತ ಅವನಿಗೂ ಗೊತ್ತಿರಲಿಲ್ಲ. ಭಾವ ಅಂಥವು ಎರಡು ಕೊಂಡರು. ಕೆಂಪು ಕ್ಯಾನು ಬರೀ ಪೆಟ್ರೋಲಿಗೆ, ಹಸಿರು ಕ್ಯಾನು ಟೂಟಿ ಆಯಿಲ್ ಬೆರೆಸಿದ್ದಕ್ಕೆ. ಅವರ ಮಿಷನ್ನಿನ ಪುಸ್ತಕದಲ್ಲಿ ಲೀಟರಿಗೆ 20 ಮಿಲಿ ಅಂತ ಇದೆ. ಎರಡನ್ನೂ ಒಂದೇ ಬಣ್ಣದ ಕ್ಯಾನಿನಲ್ಲಿಟ್ಟು, ಆಯಿಲ್ ಇಲ್ಲದ್ದನ್ನು ಮಿಷನ್ನಿಗೆ ಹಾಕಿ, ಪಿಸ್ಟನ್ ಕಚ್ಚಿಕೊಂಡು ಕೂತ ಕಥೆ ಅವರದ್ದೇ. ಅದನ್ನು ನಾನು ಅಂಗಡಿಯಲ್ಲಿ ಹೇಳಲಿಲ್ಲ.

ಮಾರನೇ ದಿನ ಮಧ್ಯಾಹ್ನ ಅಕ್ಕ ಬೇಲಿಯ ಹತ್ತಿರ ಬಂದರು. ಗಾಣದಿಂದ ಕೊಬ್ಬರಿ ಎಣ್ಣೆ ಬಂದಿದೆ, ಬಾಟಲಿಗೆ ತುಂಬಬೇಕು, ಅವರ ಲಾಳಿಕೆಯ ಪೆಟ್ರೋಲು ವಾಸನೆ ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗುತ್ತಿಲ್ಲ, ನನ್ನದನ್ನು ಒಂದು ಘಳಿಗೆ ಕೊಡಬೇಕಂತೆ. ಕೊಟ್ಟೆ. ನನ್ನದು ಹಿತ್ತಾಳೆಯದು, ತವರಿನಿಂದ ತಂದದ್ದು.

ಸಂಜೆ ಮಿಷನ್ನಿನ ಸದ್ದು ನಿಂತಿತು. ಇನ್ನು ಗುಳುಕ್ ಕೇಳುವುದಿಲ್ಲವಲ್ಲ ಅನ್ನುವ ಖುಷಿಯಲ್ಲಿ ಬೇಲಿಯ ಮೇಲಿಂದ ಇಣುಕಿದೆ. ಭಾವ ಹೊಸ ಹಸಿರು ಕ್ಯಾನು ಹಿಡಿದು ನಿಂತಿದ್ದರು. ಗಾಳಿಯ ಬಿರಡೆ ಸರಿಯಾಗಿಯೇ ಸಡಿಲಿಸಿದ್ದರು.

"ಧಾರೆ ಚಂದ ಬರ್ತದೆ ಮಾರಾಯ್ತಿ," ಅಂದರು ನನ್ನನ್ನು ಕಂಡು. "ಆದರೆ ಮೂತಿ ಇದರ ಬಾಯಿಗಿಂತ ಒಂದು ನೂಲು ದಪ್ಪ ಆಯ್ತು."

ಮಿಷನ್ನಿನ ಬಾಯಲ್ಲಿ ನನ್ನ ಹಿತ್ತಾಳೆ ಲಾಳಿಕೆ ನೆಟ್ಟಗೆ ನಿಂತಿತ್ತು.